ಮಳೆನೀರಿಗೆ ಕಡಲ ತೈಲ ಸೇರಿದೆಯಾ ಎಂದು ಲ್ಯಾಬಿಗೆ ಕೊಟ್ಟು ನೋಡಿದೆ

ಡ್ರಮ್ಮಿನ ಮುಚ್ಚಳ ತೆಗೆದರೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಕಡಲೊಳಗಿನ ತೈಲಬಾವಿ ಸೋರತೊಡಗಿ ಅವತ್ತಿಗೆ ಹನ್ನೊಂದು ದಿನ. ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹೊಯ್ದಿತ್ತು. ನಮ್ಮ ಮನೆಯಲ್ಲಿ ಕುಡಿಯುವುದಕ್ಕೂ ಗಿಡಗಳಿಗೂ ಅದೇ ನೀರು. ಕಡಲು ನಾಲ್ಕೇ ಕಿಲೋಮೀಟರ್ ದೂರ. ಎರಡಕ್ಕೆ ಎರಡು ಕೂಡಿಸಿ ನಾಲ್ಕು ಮಾಡಿಕೊಳ್ಳಲು ನನಗೆ ಅರ್ಧ ನಿಮಿಷ ಸಾಕಾಯಿತು. ಆ ಲೆಕ್ಕ ತಪ್ಪು ಎಂದು ತಿಳಿಯಲು ಮೂರು ವಾರ ಹಿಡಿಯಿತು.

ಈ ಬರಹ ನಾನು ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷಾ ಸೇವೆಯ ಬಗ್ಗೆ. ಲ್ಯಾಬಿನ ಹೆಸರು ಹೇಳುವುದಿಲ್ಲ, ದೂರುವುದೂ ಸ್ವಲ್ಪ ಇದೆ. ಇಂಥ ಸೇವೆ ಹುಡುಕುತ್ತಿರುವವರು ಏನು ಕೇಳಬೇಕು, ಎಲ್ಲಿ ಎಡವುತ್ತಾರೆ ಅನ್ನುವುದಷ್ಟೇ ನನಗೆ ಮುಖ್ಯ.

ಲ್ಯಾಬಿಗೆ ಮೊದಲು ನಾನು ಕೊಂಡಿದ್ದು ಒಂದು ಟಿಡಿಎಸ್ ಮೀಟರು, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವಂಥದ್ದು. ಡ್ರಮ್ಮಿಗೆ ಅದ್ದಿದರೆ 22 ತೋರಿಸಿತು. ಖುಷಿಯಾಯಿತು. ಆಮೇಲೆ ತಲೆಗೆ ಹೊಳೆಯಿತು: ಈ ಮೀಟರು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು. ಉಪ್ಪು ಕರಗಿದ್ದರೆ ಹರಿಯುತ್ತದೆ, ಎಣ್ಣೆಗೆ ವಿದ್ಯುತ್ತು ಒಗ್ಗುವುದಿಲ್ಲ. ಒಂದು ಲೋಟಕ್ಕೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿ ಅದ್ದಿ ನೋಡಿದೆ. ಆಗಲೂ 22. ಪಿಎಚ್ ಪಟ್ಟಿಗಳ ಪಾಡೂ ಅಷ್ಟೇ. ಬಣ್ಣ ಸ್ವಲ್ಪ ಹುಳಿಯ ಕಡೆ ವಾಲಿದ್ದು ನೋಡಿ ಗಾಬರಿಯಾಗಿದ್ದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಯೇ ಶುದ್ಧ ಮಳೆನೀರಿನ ಪಿಎಚ್ 5.6ರ ಹತ್ತಿರ ಇರುತ್ತದಂತೆ. ಈ ಎರಡನ್ನೂ ತೈಲದ ಪತ್ತೆಗೆಂದು ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ.

ಲ್ಯಾಬಿಗೆ ಫೋನು ಮಾಡಿದಾಗ ಎತ್ತಿದವನು ಚಿಕ್ಕ ವಯಸ್ಸಿನ ಹುಡುಗ. ಅವನ ಮಾತಿನಿಂದಲೇ ನನಗೆ ಸೇವೆಯ ಮೇಲೆ ಅರ್ಧ ನಂಬಿಕೆ ಬಂತು.

"ಏನು ಹುಡುಕಬೇಕು ಮೇಡಂ?"

"ಎಲ್ಲಾ ನೋಡಿಬಿಡಿಯಪ್ಪಾ."

"ಎಲ್ಲಾ ಅನ್ನೋ ಟೆಸ್ಟ್ ಇಲ್ಲ ಮೇಡಂ. ನಿಮ್ಮ ಅನುಮಾನ ಏನು ಅಂತ ಹೇಳಿ, ಅದಕ್ಕೆ ಯಾವ ಬಾಟಲಿ ಅಂತ ನಾನು ಹೇಳ್ತೀನಿ."

ನಾನು ಓದಿಕೊಂಡಿದ್ದ ಒಂದೇ ಹೆಸರು 'ಆಯಿಲ್ ಅಂಡ್ ಗ್ರೀಸ್' ಪರೀಕ್ಷೆ. ಅದು ಬೇಡ ಎಂದು ಅವನೇ ಬಿಡಿಸಿದ. ಆ ಪರೀಕ್ಷೆಯಲ್ಲಿ ಹೆಕ್ಸೇನ್ ಎಂಬ ದ್ರಾವಕ ಹಾಕಿ ಎಣ್ಣೆಯನ್ನು ಎಳೆದು, ಹೆಕ್ಸೇನನ್ನು ಆವಿ ಮಾಡಿ, ಉಳಿದದ್ದನ್ನು ತೂಗುತ್ತಾರೆ. ಆ ಆವಿಯ ಜೊತೆಗೇ ಕಚ್ಚಾತೈಲದಲ್ಲಿರುವ ಬೆಂಜೀನಿನಂಥ ವಿಷದ ಹಗುರ ವಸ್ತುಗಳೂ ಹಾರಿಹೋಗುತ್ತವೆ. ಉಳಿದದ್ದು ಎಲೆಯ ಮೇಣವೋ ಅಡುಗೆ ಎಣ್ಣೆಯೋ ಕಚ್ಚಾತೈಲವೋ ತಕ್ಕಡಿಗೆ ಗೊತ್ತಾಗುವುದಿಲ್ಲ. ಮೇಲಾಗಿ ಅದರ ನಂಬಿಕಸ್ತ ಅಳತೆ ಶುರುವಾಗುವುದೇ ಲೀಟರಿಗೆ 5 ಮಿಲಿಗ್ರಾಂ ಹತ್ತಿರದಿಂದ. ಕುಡಿಯುವ ನೀರಿನ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಅದರ ಐನೂರನೇ ಒಂದು ಭಾಗ. ಮರಳಿನ ಲಾರಿ ತೂಗುವ ಕಾಟಾದಲ್ಲಿ ಮೂಗುತಿ ತೂಗಿದ ಹಾಗೆ.

ಕೊನೆಗೆ ಎರಡು ಪರೀಕ್ಷೆ ಆಯ್ದುಕೊಂಡೆವು. ಒಂದು, ಬೆಂಜೀನ್, ಟಾಲುಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು ಹಗುರ ವಸ್ತುಗಳಿಗೆ. ಇನ್ನೊಂದು, ಪಿಎಎಚ್ (ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್) ಅನ್ನುವ, ಕಚ್ಚಾತೈಲದಲ್ಲೂ ಹೊಗೆಯ ಮಸಿಯಲ್ಲೂ ಇರುವ ಭಾರದ ವಸ್ತುಗಳ ಗುಂಪಿಗೆ. ಸೋರಿಕೆಯ ಮೇಲೆ ಸಿಂಪಡಿಸುವ ಎಣ್ಣೆ ಒಡೆಯುವ ರಾಸಾಯನಿಕವನ್ನೂ ನೋಡುತ್ತೀರಾ ಎಂದೆ. ಅದಕ್ಕೆ ಬೇರೆಯೇ ಯಂತ್ರ ಬೇಕು, ನಮ್ಮಲ್ಲಿಲ್ಲ ಎಂದ. ಇಲ್ಲದ್ದನ್ನು ಇಲ್ಲ ಎನ್ನುವ ಅಂಗಡಿ ಸಿಗುವುದೇ ಅಪರೂಪ.

ಸಮುದ್ರದ ಎಣ್ಣೆ ಮೋಡವಾಗಿ ಮಳೆಯಾಗುತ್ತದಾ ಎಂದೂ ಅವನನ್ನು ಪೀಡಿಸಿದೆ. "ಅದು ನಮ್ಮ ಕೆಲಸ ಅಲ್ಲ ಮೇಡಂ" ಎಂದು ನಕ್ಕುಬಿಟ್ಟ. ಹಾಗಾಗಿ ನಾನೇ ಕೂತು ಓದಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ವೇದಿಕೆ ಸ್ಫೋಟಿಸಿ 11 ಜನ ಸತ್ತು, ಬಾವಿ 87 ದಿನ ಸುರಿದಾಗಲೂ ಜನರಿಗೆ ಇದೇ ದಿಗಿಲು ಹುಟ್ಟಿತ್ತು. ಬೀದಿಯಲ್ಲಿ ಎಣ್ಣೆ ಮಳೆ ಬಿದ್ದಿದೆ ಎಂಬ ವಿಡಿಯೋಗಳು ಓಡಾಡಿದ್ದವು. ಕಚ್ಚಾತೈಲದ ಹಗುರ ಭಾಗ ಮೊದಲ ಒಂದೆರಡು ದಿನದಲ್ಲೇ ಆವಿಯಾಗುತ್ತದೆ, ಅದು ನಿಜ. ನೀರಿನ ಮೇಲೆ ಬಣ್ಣದ ಪೊರೆ ಕಟ್ಟುವ ಭಾರದ ಭಾಗ ಹಾಗೆ ಮೇಲೇರುವುದಿಲ್ಲ. ಮೇಲೆದ್ದ ಬೆಂಜೀನಿಗೂ ಮಳೆಹನಿಯೊಳಗೆ ಸೇರುವ ಆಸೆ ಕಡಿಮೆ, ಅದಕ್ಕೆ ಗಾಳಿಯೇ ಹಿತ. ಒಂದು ಘನ ಮೀಟರ್ ಗಾಳಿಯಲ್ಲಿ 3 ಮೈಕ್ರೋಗ್ರಾಂ ಬೆಂಜೀನ್ ಇದ್ದರೆ, ಅದರೊಂದಿಗೆ ಸಮತೋಲಕ್ಕೆ ಬಂದ ಒಂದು ಲೀಟರ್ ಮಳೆನೀರಿನಲ್ಲಿ ಸಿಗುವುದು ಸುಮಾರು 0.015 ಮೈಕ್ರೋಗ್ರಾಂ. ಮಳೆನೀರು ಆ 10ರ ಗೆರೆ ಮುಟ್ಟಬೇಕಾದರೆ ಗಾಳಿಯ ಘನ ಮೀಟರಿಗೆ ಎರಡು ಸಾವಿರ ಮೈಕ್ರೋಗ್ರಾಂಗೂ ಹೆಚ್ಚು ಇರಬೇಕು. ಅಂಥ ಗಾಳಿಯಲ್ಲಿ ನಿಂತು ಡ್ರಮ್ಮಿನ ಚಿಂತೆ ಮಾಡುವವರು ಯಾರು!

ಹೊಗೆಯ ದಾರಿ ಮಾತ್ರ ಬೇರೆ. 2010ರಲ್ಲಿ ಕಡಲ ಮೇಲೆಯೇ 411 ಬಾರಿ ಎಣ್ಣೆಗೆ ಬೆಂಕಿ ಕೊಟ್ಟು ಸುಟ್ಟರು. 1991ರಲ್ಲಿ ಕುವೈತಿನ 600ಕ್ಕೂ ಹೆಚ್ಚು ಬಾವಿಗಳು ಹೊತ್ತಿ ಉರಿದಾಗ ಇರಾನಿನಲ್ಲಿ ಕಪ್ಪು ಮಳೆ ಬಿತ್ತು. ಮಸಿ ಗಾಳಿಯಲ್ಲಿ ಹೋಗುತ್ತದೆ, ಪಿಎಎಚ್ ಮಸಿಗೆ ಅಂಟಿಕೊಂಡಿರುತ್ತದೆ, ಮಳೆ ಅದನ್ನು ತೊಳೆದು ಕೆಳಗೆ ತರುತ್ತದೆ. ಆದ್ದರಿಂದ ನಿಮ್ಮ ಕಡೆ ತೈಲವನ್ನು ಸುಡುತ್ತಿದ್ದರೆ ಪಿಎಎಚ್ ಪರೀಕ್ಷೆಗೆ ದುಡ್ಡು ಹಾಕಿ. ನಮ್ಮಲ್ಲಿ ಸುಟ್ಟಿರಲಿಲ್ಲ. ಆದರೂ ಹಾಕಿದೆ, ಭಯ ಬೇರೆ ಏನು ಮಾಡಿಸುತ್ತದೆ.

ಪೆಟ್ಟಿಗೆ ಬಂದದ್ದು ನಾಲ್ಕನೇ ದಿನ. ಈ ಸೇವೆಯಲ್ಲಿ ನನಗೆ ಅತಿ ಹಿಡಿಸಿದ್ದು ಆ ಪೆಟ್ಟಿಗೆಯೇ. ಥರ್ಮಕೋಲಿನ ಡಬ್ಬಿ, ಒಳಗೆ ಐಸ್ ಪ್ಯಾಕು, ಪಿಎಎಚ್‌ಗೆ ಒಂದೊಂದು ಲೀಟರಿನ ಕಂದು ಗಾಜಿನ ಬಾಟಲಿಗಳು, ಹಗುರ ವಸ್ತುಗಳಿಗೆ ನಲವತ್ತು ಮಿಲಿಲೀಟರಿನ ಪುಟಾಣಿ ಶೀಷೆಗಳು. ಪ್ಲಾಸ್ಟಿಕ್ ಯಾಕಿಲ್ಲ ಎಂದರೆ ಪಿಎಎಚ್ ಪ್ಲಾಸ್ಟಿಕ್ಕಿನ ಗೋಡೆಗೇ ಅಂಟಿಕೊಂಡು ನೀರು ಸುಳ್ಳು ಹೇಳುತ್ತದೆ. ಶೀಷೆಯೊಳಗೆ ಮೊದಲೇ ಎರಡು ಮೂರು ಹನಿ ಆಸಿಡ್ ಇರುತ್ತದೆ, ಸೂಕ್ಷ್ಮಾಣುಗಳು ಬೆಂಜೀನನ್ನು ತಿಂದುಬಿಡದಿರಲಿ ಎಂದು. ಹಾಗಾಗಿ ಶೀಷೆ ತೊಳೆಯಬಾರದು, ನೀರು ತುಳುಕಿಸಲೂಬಾರದು. ಅದೇ ಸಮಯಕ್ಕೆ ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ಗುಳ್ಳೆ ಇದ್ದರೆ ಬೆಂಜೀನ್ ನೀರು ಬಿಟ್ಟು ಅಲ್ಲಿಗೆ ಹಾರುತ್ತದೆ.

ಹೇಳುವುದು ಸುಲಭ. ಗೋಡೆಗೆ ಒರಗಿಸಿದಂತೆ ಶೀಷೆಯನ್ನು ಓರೆ ಹಿಡಿದು, ನೀರನ್ನು ಒಳಬದಿಯಲ್ಲಿ ನಿಧಾನಕ್ಕೆ ಜಾರಿಸಿ, ಕೊನೆಗೆ ಬಾಯಿಯ ಮೇಲೆ ನೀರು ಉಬ್ಬಿ ಬೆನ್ನು ಕಾಣಿಸುವ ತನಕ ಹನಿ ಹನಿ ಬಿಡಬೇಕು. ಆ ಬೆನ್ನಿನ ಮೇಲೆ ಮುಚ್ಚಳ ಕೂರಿಸಿ ತಿರುಗಿಸಿ, ಶೀಷೆ ತಲೆಕೆಳಗೆ ಮಾಡಿ ಬೆರಳಲ್ಲಿ ತಟ್ಟಬೇಕು. ಮೊದಲ ಶೀಷೆಯಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದು ನನ್ನನ್ನೇ ನೋಡಿ ನಕ್ಕಿತು. ಎರಡನೆಯದರಲ್ಲೂ ಅದೇ. ಮನೆಯವರು ಟಾರ್ಚು ಹಿಡಿದು "ಅಲ್ಲಿದೆ, ಅಲ್ಲಿದೆ" ಎನ್ನುತ್ತಾ ನಿಂತಿದ್ದರು, ಗುಳ್ಳೆ ಹುಡುಕುವುದರಲ್ಲಿ ಅವರಿಗೆ ವಿಶೇಷ ಪ್ರತಿಭೆ. ಆರನೆಯ ಶೀಷೆಗೆ ಕೈ ಪಳಗಿತು. ಲ್ಯಾಬಿನವರು ಹೆಚ್ಚುವರಿ ಶೀಷೆ ಇಟ್ಟಿದ್ದರಿಂದ ಮಾನ ಉಳಿಯಿತು.

ಇನ್ನೊಂದು ಒಳ್ಳೆಯ ಸಲಹೆ ಕೊಟ್ಟಿದ್ದರು. ನೀರು ಎರಡು ಕಡೆಯಿಂದ ಹಿಡಿಯಿರಿ: ಒಂದು ಸೂರಿನಿಂದ ಇಳಿದು ಡ್ರಮ್ಮಿಗೆ ಬಂದದ್ದು, ಇನ್ನೊಂದು ಬಯಲಿನಲ್ಲಿ ಸ್ಟೀಲ್ ಪಾತ್ರೆಯಿಟ್ಟು ಆಕಾಶದಿಂದ ನೇರ ಬಂದದ್ದು. ಎರಡರ ನಡುವಿನ ವ್ಯತ್ಯಾಸವೆಲ್ಲ ನಿಮ್ಮ ಸೂರಿನದ್ದು, ಕಡಲಿನದ್ದಲ್ಲ. ಜೊತೆಗೆ ಲ್ಯಾಬಿನದೇ ಶುದ್ಧ ನೀರಿನ ಎರಡು ಜೊತೆ ಇತ್ತು. ಒಂದನ್ನು ತೆರೆಯದೆ ಹಾಗೇ ವಾಪಸು ಕಳಿಸಬೇಕು. ಇನ್ನೊಂದನ್ನು ನಾವು ಮಳೆನೀರು ತುಂಬುವ ಜಾಗದಲ್ಲೇ ಖಾಲಿ ಶೀಷೆಗೆ ಸುರಿದು ಕಳಿಸಬೇಕು. ಶುದ್ಧ ನೀರನ್ನು ಪರೀಕ್ಷೆ ಮಾಡಿಸಲು ನಾನೇಕೆ ದುಡ್ಡು ಕೊಡಬೇಕು ಎಂದು ಜಗಳಕ್ಕೇ ಹೋಗಿದ್ದೆ. ಹುಡುಗ ಜಗ್ಗಲಿಲ್ಲ. ಶೀಷೆಯ ಚೀಟಿ ಮೇಲೆ ಮಾರ್ಕರಿನಲ್ಲಿ ಬರೆಯಬೇಡಿ, ಅದರ ಶಾಯಿಯ ದ್ರಾವಕವೇ ವರದಿಗೆ ಬರಬಹುದು, ಪೆನ್ಸಿಲಿನಲ್ಲಿ ಬರೆಯಿರಿ ಎಂದೂ ಹೇಳಿದ.

ಅವನು ಜಗ್ಗದಿದ್ದದ್ದು ಒಳ್ಳೆಯದಾಯಿತು. ವರದಿ ಬಂದಾಗ ಆಕಾಶದ ನೀರಿನಲ್ಲಿ ಟಾಲುಯೀನ್ ಮತ್ತು ಕ್ಸೈಲೀನ್ ಇತ್ತು, ಲೀಟರಿಗೆ 3 ಮೈಕ್ರೋಗ್ರಾಂ ಆಸುಪಾಸು. ಎದೆ ಧಸಕ್ಕೆಂದಿತು. ಕೆಳಗಿನ ಸಾಲಿಗೆ ಕಣ್ಣು ಹೋದರೆ, ನಾನು ಸುರಿದ ಶುದ್ಧ ನೀರಿನಲ್ಲೂ ಅಷ್ಟೇ ಇತ್ತು! ತೆರೆಯದೆ ಕಳಿಸಿದ ಶೀಷೆಯಲ್ಲಿ ಮಾತ್ರ ಏನೂ ಇಲ್ಲ. ಅಂದರೆ ವಿಷ ಬಂದದ್ದು ಮಳೆಯಿಂದಲ್ಲ, ಲ್ಯಾಬಿನಿಂದಲೂ ಅಲ್ಲ, ತುಂಬಿದ ಜಾಗದಿಂದ. ನಾನು ಶೀಷೆ ತುಂಬಿದ್ದು ಹಿತ್ತಿಲ ಶೆಡ್ಡಿನ ಮೇಜಿನ ಮೇಲೆ. ಮೇಜಿನ ಕೆಳಗೆ ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲ್ ಕ್ಯಾನು, ಮುಚ್ಚಳ ಸಡಿಲ. ಆ ಶುದ್ಧ ನೀರಿನ ಶೀಷೆ ಇಲ್ಲದಿದ್ದರೆ ಕಡಲ ತೈಲ ನಮ್ಮ ಮೇಲೆ ಸುರಿಯುತ್ತಿದೆ ಎಂದು ಊರೆಲ್ಲ ಸಾರಿಬಿಡುತ್ತಿದ್ದೆ, ಕೈಯಲ್ಲಿ ಲ್ಯಾಬಿನ ಸೀಲು ಹೊಡೆದ ಕಾಗದ ಬೇರೆ.

ಮತ್ತೆ ನೀರು ಹಿಡಿದೆ. ಈ ಸಲ ಬಯಲಿನಲ್ಲಿ, ಛತ್ರಿ ಕೆಳಗೆ ಕುಕ್ಕರುಗಾಲಲ್ಲಿ ಕೂತು. ನಾಲ್ಕೂ ವಸ್ತು ಎಲ್ಲಿಯೂ ಸಿಗಲಿಲ್ಲ.

ಈಗ ದೂರು. ವರದಿ ಅನ್ನುವ ಕಾಗದ ಓದುವವರಿಗಾಗಿ ಬರೆದದ್ದಲ್ಲ. ಬಹುತೇಕ ಸಾಲುಗಳ ಮುಂದೆ 'ಎನ್‌ಡಿ' ಎಂದಷ್ಟೇ ಇತ್ತು, ಪತ್ತೆಯಾಗಿಲ್ಲ ಎಂದು ಅರ್ಥ. ಎಷ್ಟಿದ್ದರೆ ಪತ್ತೆಯಾಗುತ್ತಿತ್ತು ಎಂದು ಇಲ್ಲ. ಅದಿಲ್ಲದೆ ಎನ್‌ಡಿಗೆ ಬೆಲೆಯೇ ಇಲ್ಲ. ಕತ್ತಲೆ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ಯಾರೂ ಕಾಣಿಸಲಿಲ್ಲ ಎಂದರೆ ದೀಪ ಹಾಕಿದ್ದಿರಾ ಎಂದು ಕೇಳಬೇಕಲ್ಲ. ಎರಡು ಮೇಲ್, ಒಂದು ಫೋನು ಆದ ಮೇಲೆ ಪತ್ತೆಮಿತಿಗಳ ಹಾಳೆ ಬಂತು. ಬೆಂಜೀನಿಗೆ 0.5 ಮೈಕ್ರೋಗ್ರಾಂ, ತಕ್ಕಮಟ್ಟಿಗೆ ಒಳ್ಳೆಯದೇ. ಇಷ್ಟು ಚೆನ್ನಾಗಿ ಕೆಲಸ ಮಾಡಿದವರು ಅದನ್ನು ಬಚ್ಚಿಟ್ಟುಕೊಳ್ಳುವುದು ಯಾಕೋ. ತಡವೂ ಮಾಡಿದರು: ಹತ್ತು ದಿನ ಎಂದದ್ದು ಹದಿನಾರಾಯಿತು.

ಪಿಎಎಚ್ ಸ್ವಲ್ಪ ಸಿಕ್ಕಿತು. ಡ್ರಮ್ಮಿನ ನೀರಿನಲ್ಲಿ ಫ್ಲೋರಾಂಥೀನ್, ಪೈರೀನ್ ಎಂಬ ಎರಡರ ಸುಳಿವು, ಆಕಾಶದ ನೀರಿನಲ್ಲಿ ಇನ್ನೂ ಕಡಿಮೆ. ಫೋನಿನಲ್ಲಿ ವಿವರಿಸಿದ ಹಿರಿಯ ತಂತ್ರಜ್ಞೆಯ ಮಾತು ಹೀಗಿತ್ತು: "ಕಚ್ಚಾತೈಲ ಆಗಿದ್ರೆ ನ್ಯಾಫ್ತಲೀನಿನ ಕುಟುಂಬ ದಂಡಿಯಾಗಿ ಬರ್ತಿತ್ತು ಮೇಡಂ. ಇದು ಸುಟ್ಟ ವಸ್ತುವಿನ ಗುರುತು. ಸೌದೆ ಹೊಗೆ, ಡೀಸೆಲ್ ಹೊಗೆ, ಸೂರಿನ ಮೇಲೆ ಕೂತಿರುತ್ತೆ." ಯಂತ್ರದಿಂದ ಬಂದ ಗ್ರಾಫನ್ನೂ ಕಳಿಸಿದರು. ಕಚ್ಚಾತೈಲದ ಗ್ರಾಫು ಬಾಚಣಿಗೆಯ ಹಲ್ಲಿನಂತೆ ಸಾಲಾಗಿ ಎದ್ದಿರುತ್ತದಂತೆ. ನಮ್ಮದು ಬೋಳು ಬಯಲು, ಅಲ್ಲೊಂದು ಇಲ್ಲೊಂದು ಮುಳ್ಳು.

ಹಾಗಾದರೆ ಆ ಬಣ್ಣದ ಪೊರೆ? ಅದನ್ನು ಕೇಳಿದ್ದೇ ತಡ, "ಒಂದು ಕಡ್ಡಿ ತಗೊಂಡು ಚುಚ್ಚಿ ನೋಡಿ" ಎಂದರು. ಫೋನು ಕಿವಿಗಿಟ್ಟುಕೊಂಡೇ ಹೋಗಿ ಚುಚ್ಚಿದೆ. ಪೊರೆ ಗಾಜಿನ ಹಾಳೆಯಂತೆ ಒಡೆದು ಚೂರುಚೂರಾಯಿತು, ಚೂರುಗಳು ಮೂಲೆ ಮೂಲೆಗೆ ತೇಲಿ ಅಲ್ಲೇ ನಿಂತವು. ಎಣ್ಣೆಯಾಗಿದ್ದರೆ ಕಡ್ಡಿಯ ಹಿಂದೆಯೇ ಸುತ್ತಿಕೊಂಡು ಬಂದು ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದ ಬ್ಯಾಕ್ಟೀರಿಯಾ ಕಟ್ಟುವ ಪೊರೆ. ಡ್ರಮ್ಮಿನ ತುಕ್ಕು ಹಿಡಿದ ಬಳೆ, ಕೊಳೆತ ಎಲೆ, ಅದಕ್ಕೆ ಅಷ್ಟು ಸಾಕು. ಕಡ್ಡಿಗೆ ಯಾವ ಖರ್ಚೂ ಇಲ್ಲ. ಇದನ್ನು ಮೊದಲ ಫೋನಿನಲ್ಲೇ ಹೇಳಬಹುದಿತ್ತಲ್ಲಾ ಎಂದೆ. "ನೀವು ಪೊರೆ ವಿಷಯ ಹೇಳಲೇ ಇಲ್ಲವಲ್ಲಾ ಮೇಡಂ" ಎಂದರು. ನಿಜ, ನಾನು ಹೇಳಿದ್ದು ಕಡಲಿನ ವಿಷಯ ಮಾತ್ರ.

ಅವರು ತಾವಾಗಿಯೇ ಒಂದು ಮಾತು ಸೇರಿಸಿದರು. ಎಲೆ ಕೊಳೆಯುವಷ್ಟು, ಹಕ್ಕಿ ಹಿಕ್ಕೆ ಹಾಕುವಷ್ಟು ಗಲೀಜು ಸೂರಿನ ನೀರಾದರೆ ತೈಲಕ್ಕಿಂತ ಮೊದಲು ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ ಎಂದು. ಮಾಡಿಸಿದೆ. ಇತ್ತು. ಈಗ ಮಳೆಯ ಮೊದಲ ನೀರನ್ನು ಹೊರಗೆ ಹರಿಸುವ ಪೈಪು ಹಾಕಿಸಿದ್ದೇವೆ, ಕುಡಿಯುವುದನ್ನು ಕುದಿಸುತ್ತೇವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪೆಟ್ಟಿಗೆಗೂ ಫೋನಿನ ಹುಡುಗನಿಗೂ ಪೂರ್ತಿ ಅಂಕ, ಕಳೆದದ್ದೆಲ್ಲ ಆ ವರದಿಗೆ. ಬಾವಿಯ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ, ಸುಡುವ ಮಾತೂ ಕೇಳಿಬರುತ್ತಿದೆ. ಹಾಗಾಗಿ ಮುಂದಿನ ಮಳೆಗೆಂದು ಪಿಎಎಚ್ ಬಾಟಲಿಗಳ ಇನ್ನೊಂದು ಪೆಟ್ಟಿಗೆ ತರಿಸಿ ಇಟ್ಟಿದ್ದೇನೆ. ಫಾರಂನ ತಲೆಯ ಮೇಲೆಯೇ ದೊಡ್ಡದಾಗಿ ಬರೆದಿದ್ದೇನೆ, 'ಪತ್ತೆಮಿತಿ ನಮೂದಿಸಿ' ಎಂದು. ಪೆನ್ಸಿಲಿನಲ್ಲಿ.