ಎರಡು ಪೆಡಲ್, ಹ್ಯಾಂಡ್‌ಬ್ರೇಕ್, ಲೈನ್ ಲಾಕ್: ಕಾರು ಕೆಡದ ಬರ್ನ್‌ಔಟ್ ಯಾವುದು?

ಬರ್ನ್‌ಔಟ್ ಅಂದರೆ ಓಟಕ್ಕೆ ಮೊದಲು ಕಾರನ್ನು ನಿಂತಲ್ಲೇ ಹಿಡಿದು ಚಕ್ರ ಮಾತ್ರ ತಿರುಗಿಸಿ, ನೆಲ ಚೆನ್ನಾಗಿ ಹಿಡಿಯಲೆಂದು ಟೈರ್ ಕಾಯಿಸುವುದು. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಕಾರು ನಿಮ್ಮದಾಗಿದ್ದರೆ, ರೇಸ್ ಮುಗಿಸಿ ಅದರಲ್ಲೇ ಮನೆಗೆ ಬರಬೇಕಿದ್ದರೆ, ಲೈನ್ ಲಾಕ್ ಹಾಕಿಸಿ. ನನ್ನ ಹತ್ತಿರ ಟ್ರೈಲರ್ ಇಲ್ಲ. ಕೋಲಾರದಿಂದ ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಶ್ರೀಪೆರಂಬುದೂರಿನ ಹತ್ತಿರದ ಟ್ರ್ಯಾಕಿಗೆ ಕಾಂಟೆಸ್ಸಾ ಓಡಿಸಿಕೊಂಡೇ ಹೋಗುತ್ತೇನೆ. 402 ಮೀಟರ್ ಓಟ ಮುಗಿಸಿ ಅದರಲ್ಲೇ ವಾಪಸ್ ಬರುತ್ತೇನೆ.

ಮೊದಲ ಸಲ ಎಲ್ಲರಂತೆ ಪೆಡಲ್ ನಂಬಿದ್ದೆ. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಕೊಡುವುದು. ಗೇರ್ ಕಾರಿನಲ್ಲಿ ಪೆಡಲ್ ಮೂರು, ಕಾಲು ಎರಡು. ಕ್ಲಚ್ ಬಿಟ್ಟ ಎಡಗಾಲು ಬ್ರೇಕಿಗೆ ಬರುವಷ್ಟರಲ್ಲಿ ಕಾರು ಮುಂದಕ್ಕೆ ಹಾರಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬ್ರೇಕ್ ನಾಲ್ಕೂ ಚಕ್ರ ಹಿಡಿಯುತ್ತದೆ. ತಿರುಗಬೇಕಾದ ಹಿಂದಿನ ಚಕ್ರವನ್ನೂ ಹಿಡಿಯುತ್ತದೆ. ನನ್ನ ಕಾಂಟೆಸ್ಸಾದ ಇಸುಜು 1.8 ಎಂಜಿನ್ ತನ್ನದೇ ಬ್ರೇಕಿನ ಜೊತೆ ಗುದ್ದಾಡಿತು, ಕ್ಲಚ್ ಪ್ಲೇಟ್ ವಾಸನೆ ಬಂತು, ಹೊಗೆ ಮಾತ್ರ ಬರಲಿಲ್ಲ. ವಾಪಸ್ ಬರುವಾಗ ಚಿತ್ತೂರಿನಲ್ಲಿ ಟೀಗೆ ನಿಲ್ಲಿಸಿದಾಗ ಹಿಂದಿನ ಎಡ ಚಕ್ರದ ಒಳಗಿನಿಂದ ಬ್ರೇಕ್ ಆಯಿಲ್ ಇಳಿಯುತ್ತಿತ್ತು. ವೀಲ್ ಸಿಲಿಂಡರಿನ ರಬ್ಬರ್ ಹೋಗಿತ್ತು, ಬ್ರೇಕ್ ಶೂ ಸುಟ್ಟು ಗಾಜಿನಂತೆ ಹೊಳೆಯುತ್ತಿತ್ತು. ಅಲ್ಲಿಂದ ಮನೆ ತನಕ ಎರಡನೇ ಮೂರನೇ ಗೇರಿನಲ್ಲೇ ಬಂದೆ.

ಸ್ನೇಹಿತನ ಸ್ವಿಫ್ಟ್‌ನಲ್ಲಿ ಹ್ಯಾಂಡ್‌ಬ್ರೇಕ್ ವಿಧಾನವನ್ನೂ ನೋಡಿದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಎಂಜಿನ್ ಮುಂದಿನ ಚಕ್ರ ತಿರುಗಿಸುವ ಕಾರಿಗೆ ಅದು ಚೆನ್ನ, ಖರ್ಚಿಲ್ಲ. ಆಮೇಲೆ ಕೇಬಲ್ ಬಿಗಿ ಮಾಡಿಸಿಕೊಳ್ಳಿ, ಸಾಕು. ನನ್ನ ಕಾರಿಗೆ ಅದು ಉಲ್ಟಾ.

ಲೈನ್ ಲಾಕ್ ಅಂದರೆ ಮುಂದಿನ ಬ್ರೇಕ್ ಪೈಪಿನಲ್ಲಿ ಕೂರುವ ಸಣ್ಣ ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ಮುಚ್ಚಿ ತೆರೆಯುವ ವಾಲ್ವ್. ಬ್ರೇಕ್ ಒತ್ತಿ, ಗುಂಡಿ ಒತ್ತಿ ಹಿಡಿದು, ಬ್ರೇಕ್ ಬಿಡಬೇಕು. ಪ್ರೆಶರ್ ಮುಂದಿನ ಚಕ್ರಗಳಲ್ಲೇ ಉಳಿಯುತ್ತದೆ, ಹಿಂದಿನವು ಬಿಡುಗಡೆ. ಕಾಲು ಎರಡೇ ಸಾಕು.

ತಲೆನೋವು ಫಿಟಿಂಗಿನದು. ತರಿಸಿದ ಕಿಟ್‌ನ ತೂತುಗಳಲ್ಲಿ ಅಮೆರಿಕದ ಎನ್‌ಪಿಟಿ ಥ್ರೆಡ್, ಅಂದರೆ ತುದಿಗೆ ಹೋದಂತೆ ಸಣ್ಣದಾಗುವ ಜಾತಿ. ನನ್ನ ಪೈಪಿನ ನಟ್ಟು ಬೇರೆ ಅಳತೆ, ಪೈಪಿನ ಬಾಯಿ ಅಗಲಿಸಿರುವ ರೀತಿಯೂ ಬೇರೆ. ಟೇಕಲ್ ರಸ್ತೆಯ ಮೆಕ್ಯಾನಿಕ್ ಎರಡು ಸುತ್ತು ತಿರುಗಿಸಿ ಕೈ ಎತ್ತಿದ: "ಅಣ್ಣಾ, ಬಲವಂತ ಮಾಡಿದ್ರೆ ಎರಡೂ ಹೋಯ್ತದೆ." ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಶನಿವಾರ ಪೂರ್ತಿ ಅಲೆದೆ. ಒಬ್ಬರು ಹಿತ್ತಾಳೆಯ ಗ್ಯಾಸ್ ಫಿಟಿಂಗ್ ಕೊಟ್ಟು, ಟೆಫ್ಲಾನ್ ಟೇಪ್ ಸುತ್ತಿದರೆ ಸಾಕು ಅಂದರು. ಬ್ರೇಕ್ ಲೈನಿಗೆ ಟೆಫ್ಲಾನ್ ಟೇಪ್ ಸುತ್ತಲೇಬೇಡಿ. ಅದರ ಚೂರು ಕಿತ್ತು ವಾಲ್ವಿನೊಳಗೆ ಸಿಕ್ಕಿಕೊಂಡರೆ ಮುಂದಿನ ಬ್ರೇಕ್ ಬಿಡುವುದೇ ಇಲ್ಲ.

ಕೊನೆಗೆ ಕೆಜಿಎಫ್‌ನಲ್ಲಿ, ಬೆಮೆಲ್‌ನಿಂದ ನಿವೃತ್ತರಾಗಿ ಮನೆಯಲ್ಲೇ ಲೇಥ್ ಇಟ್ಟುಕೊಂಡಿರುವ ಹಿರಿಯರೊಬ್ಬರು ಉಕ್ಕಿನ ಎರಡು ಅಡಾಪ್ಟರ್ ಕಡೆದುಕೊಟ್ಟರು. ವಾಲ್ವಿನ ಕಡೆಗೆ ಬ್ರೇಕ್ ಆಯಿಲ್ ತಡೆಯುವ ಸೀಲೆಂಟ್ ಹಚ್ಚಿದೆವು. ಮೊದಲ ದಿನ ಬೆವರಿನಷ್ಟು ಸೋರಿತು. ಆ ಹನಿ ಬಿದ್ದ ಕಡೆ ಪೇಂಟ್ ಗುಳ್ಳೆ ಎದ್ದು ಕಿತ್ತುಬಂತು, ಇಂದಿಗೂ ಕಾಣುತ್ತದೆ. ಮತ್ತೆ ಬಿಚ್ಚಿ, ಬಿಗಿದು, ನಾಲ್ಕೂ ಚಕ್ರದಲ್ಲಿ ಗಾಳಿ ತೆಗೆದೆವು. ಪೆಡಲನ್ನು ಬಲವಾಗಿ ಒತ್ತಿ ಹಿಡಿದು ಐದು ನಿಮಿಷ ಕೂತೆ. ಕೆಳಗೆ ಹಾಸಿದ್ದ ಪೇಪರ್ ಒಣಗೇ ಇತ್ತು. ಆಮೇಲೆಯೇ ಕಾರು ರಸ್ತೆಗೆ ಇಳಿಸಿದ್ದು.

ಟ್ರ್ಯಾಕಿನಲ್ಲಿ ನನ್ನ ಅಭ್ಯಾಸ ಹೀಗೆ. ಬರ್ನ್‌ಔಟ್ ಮಾಡುವ ಜಾಗದಲ್ಲಿ, ಚಕ್ರ ಸುಲಭವಾಗಿ ತಿರುಗಲೆಂದು ನೆಲಕ್ಕೆ ನೀರು ಹಾಕಿರುತ್ತಾರೆ. ನನ್ನದು ರಸ್ತೆಯ ರೇಡಿಯಲ್ ಟೈರ್. ಅದರ ಗೆರೆಗಳು ನೀರು ಹೊತ್ತುಕೊಂಡು ಸ್ಟಾರ್ಟ್ ಲೈನಿನಲ್ಲಿ ಚೆಲ್ಲುತ್ತವೆ, ಹಿಂದೆ ಬರುವವರಿಗೂ ಅನ್ಯಾಯ. ಹಾಗಾಗಿ ನೀರಿನ ಪಕ್ಕದಿಂದ ಸುತ್ತಿ ಹೋಗಿ, ಎರಡೂ ಟೈರಿಗೆ ಸಮನಾಗಿ ತುಸು ತಾಗುವಷ್ಟು ಮಾತ್ರ ಹಿಂದೆ ಸರಿಯುತ್ತೇನೆ. ಸಮನಾಗಿ ಯಾಕೆಂದರೆ ಎರಡು ಹಿಂದಿನ ಚಕ್ರಕ್ಕೆ ಶಕ್ತಿ ಹಂಚುವ ನನ್ನ ಡಿಫರೆನ್ಷಿಯಲ್ ಸಾದಾ. ಒಂದೇ ಚಕ್ರ ತಿರುಗುತ್ತಾ ಹೋದರೆ ಒಳಗಿನ ಪುಟ್ಟ ಗೇರುಗಳು ಕಾದು ಸವೆಯುತ್ತವೆ. ಒಂದನೇ ಗೇರಿನಲ್ಲಿ ತಿರುಗಿಸಿ ಎರಡಕ್ಕೆ ಹಾಕಿ, ಮೂರು ನಾಲ್ಕು ಸೆಕೆಂಡಿಗೆ ಮುಗಿಸುತ್ತೇನೆ. ದಟ್ಟ ಹೊಗೆ ಗೆರೆಯಿಲ್ಲದ ಸ್ಲಿಕ್ ಟೈರಿನವರಿಗೆ ಇರಲಿ. ರೇಡಿಯಲ್ ಅತಿಯಾಗಿ ಕಾದರೆ ಜಾರುತ್ತದೆ.

ಚಕ್ರ ಇನ್ನೂ ತಿರುಗುತ್ತಿರುವಾಗಲೇ ಗುಂಡಿ ಬಿಟ್ಟು ಕಾರನ್ನು ಮುಂದಕ್ಕೆ ಉರುಳಲು ಬಿಡಿ. ಆ ಕ್ಷಣ ಬ್ರೇಕ್ ಒತ್ತಿದರೆ ಅಥವಾ ಟೈರ್ ಒಮ್ಮೆಲೇ ಒಣ ನೆಲ ಕಚ್ಚಿದರೆ ಆ ಏಟು ನೇರ ಯುಜೆ ಕ್ರಾಸಿಗೆ (ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಶಾಫ್ಟಿನ ಕೀಲು), ಆಕ್ಸಲ್‌ಗೆ.

ಇದನ್ನು ರಾತ್ರಿ ಬೈಪಾಸಿನಲ್ಲಿ ಪರೀಕ್ಷಿಸಬೇಡಿ. ಸಾರ್ವಜನಿಕ ರಸ್ತೆಯ ರೇಸಿಗೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ. ಅದಕ್ಕಿಂತ ಮುಖ್ಯ, ಆ ರಸ್ತೆಯಲ್ಲಿ ಟೊಮೆಟೊ ಹೊತ್ತ ಗಾಡಿಗಳು ಬೆಳಗಿನ ಜಾವದವರೆಗೂ ಓಡಾಡುತ್ತವೆ.

ಕಿಟ್, ಅಡಾಪ್ಟರ್, ಕೂಲಿ ಎಲ್ಲಾ ಸೇರಿ ನನಗೆ 14,000 ರೂಪಾಯಿ ಆಯಿತು. ವರ್ಷಕ್ಕೊಮ್ಮೆ ಹೋಗುವವರಿಗೆ ಜಾಸ್ತಿಯೇ. ಅಂಥವರು ಬರ್ನ್‌ಔಟ್ ಬಿಟ್ಟು, ಟೈರ್ ಒರೆಸಿಕೊಂಡು ಹೊರಡಲಿ. ನಾನು ನಾಲ್ಕು ಸಲ ಹೋಗುತ್ತೇನೆ. ಕಳೆದ ಸಲ ಬಂದ ಮಾರನೆಯ ದಿನವೇ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿದೆ. ಶೂ ಹೋಗುವಾಗ ಹೇಗಿತ್ತೋ ಹಾಗೇ ಇತ್ತು.