ಹಳೆ ಯೆಜ್ಡಿ ಕೊಳ್ಳುವ ಮುಂಚೆ ಅದರ ಕುತ್ತಿಗೆ ನೋಡಿ

ಹಳೆ ಗಾಡಿ ತಂದು, ಪೂರ್ತಿ ಬಿಚ್ಚಿ, ಮತ್ತೆ ಕಟ್ಟಬೇಕು ಅಂತ ಆಸೆ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ದುಡ್ಡು ಕೊಡುವ ಮೊದಲೇ ಓದಿ. ನಾವು ಗಾಡಿಗೆ 68,000 ರೂಪಾಯಿ ಕೊಟ್ಟೆವು. ಅದರ ಮೇಲೆ ಸುಮಾರು 35,000 ಖರ್ಚು ಮಾಡಿದೆವು. ಆ ಗಾಡಿ ಈಗ ಪೊಲೀಸ್ ಠಾಣೆಯ ಹಿಂದಿನ ಅಂಗಳದಲ್ಲಿ ನಿಂತಿದೆ.

ನಮ್ಮದು ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ಊರು ಬಿಟ್ಟು ಹೋಗಲಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಅವತ್ತು ಸಾಲಾಗಿ ಹೋಗುವ ಗಾಡಿಗಳನ್ನು ನೋಡಲು ನನ್ನ ಮಗಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂರುತ್ತಿದ್ದಳು. ಈಗ ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ರಜೆಯಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಒಂದನ್ನು ತಂದು ಇಬ್ಬರೂ ಸೇರಿ ಕಟ್ಟೋಣ ಅಂತ ಹೇಳಿದವಳು ಅವಳೇ. ನಾನು ಬೇಡ ಅನ್ನಲು ಕಾರಣವೇ ಇರಲಿಲ್ಲ.

2025ರ ಜನವರಿಯಲ್ಲಿ ಪಕ್ಕದ ಜಿಲ್ಲೆಯ ಒಂದು ಊರಿಗೆ ಹೋದೆವು. ಹಳೆ ಗಾಡಿ ಮಾರುವವನ ಶೆಡ್. ಆರೇಳು ಗಾಡಿಗಳು ನಿಂತಿದ್ದವು. ಮನುಷ್ಯ ತುಂಬಾ ಸಲಿಗೆಯಿಂದ ಮಾತಾಡಿದ, ಟೀ ತರಿಸಿದ. 1989ರ ರೋಡ್‌ಕಿಂಗ್ ಅಂತ ಒಂದನ್ನು ತೋರಿಸಿದ. ಟ್ಯಾಂಕಿನ ಬಣ್ಣ ಹಳೆಯದು, ಸೀಟು ಹರಿದಿತ್ತು, ಮಡ್‌ಗಾರ್ಡ್ ತುಕ್ಕು ಹಿಡಿದಿತ್ತು. ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಮಾತ್ರ ಹೊಸ ಕಪ್ಪು ಬಣ್ಣ. "ತುಕ್ಕು ಹತ್ತಬಾರದು ಅಂತ ಒಂದು ಕೋಟ್ ಹೊಡೆಸಿದ್ದೇನೆ" ಅಂದ. ಒಳ್ಳೆ ಮನುಷ್ಯ ಅಂದುಕೊಂಡೆ. ಈಗ ಯೋಚಿಸಿ ನೋಡಿ. ಕೊಳ್ಳುವವನು ಹೇಗೂ ಎಲ್ಲಾ ಬಿಚ್ಚಿ ಬಣ್ಣ ಕೆರೆಯುತ್ತಾನೆ ಅಂತ ಮಾರುವವನಿಗೆ ಗೊತ್ತು. ಉಳಿದದ್ದೆಲ್ಲಾ ತುಕ್ಕು ಹಿಡಿದಿರುವಾಗ ಚಾಸಿಗೆ ಮಾತ್ರ ಯಾಕೆ ಬಣ್ಣ ಹೊಡೆಸುತ್ತಾನೆ? ಆ ಪ್ರಶ್ನೆ ಅವತ್ತು ನನಗೆ ಹೊಳೆಯಲಿಲ್ಲ.

ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಒಂದೇ ಲಿವರ್. ಅವನು ಅದನ್ನು ತಿರುಗಿಸಿ ಒಂದೇ ಕಿಕ್ ಹೊಡೆದ. ಗಾಡಿ ಸ್ಟಾರ್ಟ್ ಆಯಿತು. ಎರಡೂ ಸೈಲೆನ್ಸರ್‌ನಿಂದ ಹೊಗೆ, ಆ ಸದ್ದು. ಮಗಳ ಮುಖ ನೋಡಿದೆ. ಅಲ್ಲಿಗೆ ನನ್ನ ವಿವೇಚನೆ ನಿಂತುಹೋಯಿತು. ಇಂಜಿನ್ ಮುಟ್ಟಿ ನೋಡಿದ್ದರೆ ಮೊದಲೇ ಬಿಸಿ ಮಾಡಿಟ್ಟಿದ್ದ ಅಂತ ಗೊತ್ತಾಗುತ್ತಿತ್ತು. ಹಳೆ ಟೂ ಸ್ಟ್ರೋಕ್ ಗಾಡಿಯ ನಿಜವಾದ ಗುಣ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ತಿಳಿಯುತ್ತದೆ.

ಕಾಗದಪತ್ರ ಅಂತ ಹಳೆಯ ಆರ್‌ಸಿ ಬುಕ್ ಕೊಟ್ಟ. ಅದರಲ್ಲಿ ಇದ್ದದ್ದು ಬೇರೆಯವರ ಹೆಸರು. ಮಾಲೀಕತ್ವ ವರ್ಗಾವಣೆಗೆ ಬೇಕಾದ ಫಾರ್ಮ್ 29 ಮತ್ತು 30 ಎರಡಕ್ಕೂ ಸಹಿ ಆಗಿತ್ತು. ಉಳಿದ ಜಾಗವೆಲ್ಲಾ ಖಾಲಿ. ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿದೆ, ಏನೂ ಬರಲಿಲ್ಲ. "ಹಳೆ ಗಾಡಿ ಸಾರ್, ಆನ್‌ಲೈನ್ ಬರಲ್ಲ. ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು" ಅಂದ. ಈ ಮಾತು ಸುಳ್ಳಲ್ಲ. ಕಂಪ್ಯೂಟರ್ ಬರುವ ಮೊದಲು ನೋಂದಣಿಯಾಗಿ, ಆಮೇಲೆ ನವೀಕರಣ ಆಗದ ಎಷ್ಟೋ ಗಾಡಿಗಳ ವಿವರ ಸರ್ಕಾರದ ಆನ್‌ಲೈನ್ ನೋಂದಣಿ ದಾಖಲೆಯಾದ ವಾಹನ್ ಪೋರ್ಟಲ್‌ನಲ್ಲಿ ಇರುವುದಿಲ್ಲ, ಆಮೇಲೆ ಸೇರಿಸಬೇಕು. ಈ ನಿಜವನ್ನೇ ಅವನು ಮೋಸಕ್ಕೆ ಪರದೆ ಮಾಡಿಕೊಂಡಿದ್ದ. ಆರ್‌ಸಿಯಲ್ಲಿದ್ದ ಚಾಸಿ ನಂಬರನ್ನು ಹ್ಯಾಂಡಲ್ ಕೆಳಗಿನ ಕುತ್ತಿಗೆಯ ಮೇಲಿದ್ದ ನಂಬರಿಗೆ ಹೋಲಿಸಿದೆ. ಒಂದೊಂದು ಅಂಕಿಯೂ ಸರಿಯಾಗಿತ್ತು. ಇಷ್ಟು ನೋಡಿದರೆ ಸಾಕು ಅಂದುಕೊಂಡೆ. ನಗದು ಕೊಟ್ಟೆ. ರಸೀದಿ ಕೇಳಲಿಲ್ಲ. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದೆವು.

ನಾವು ಮೊದಲು ಇಂಜಿನ್ ಬಿಚ್ಚಿದೆವು. ಅದೇ ತಪ್ಪು, ಮೊದಲು ಚಾಸಿಯ ಬಣ್ಣ ಕೆರೆದು ನೋಡಬೇಕಿತ್ತು. ಕನೆಕ್ಟಿಂಗ್ ರಾಡ್ ಆಡುತ್ತಿತ್ತು. ಕ್ರ್ಯಾಂಕ್ ಸೀಲ್ ಎರಡೂ ಹೋಗಿದ್ದವು. ಪೆಟ್ರೋಲಿಗೆ ಲೆಕ್ಕಕ್ಕಿಂತ ಜಾಸ್ತಿ ಆಯಿಲ್ ಬೆರೆಸಿ ಪಿಸ್ಟನ್ ಸದ್ದು ಮುಚ್ಚಿದ್ದರು. ಈ ಗಾಡಿಯ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿ.ಮೀ. ನಮ್ಮದನ್ನು ಎಷ್ಟು ಸಲ ಬೋರ್ ಮಾಡಿಸಿದ್ದರೋ, ಹೊಸ ಸ್ಲೀವ್ ಹಾಕಿಸದೆ ಬೇರೆ ದಾರಿ ಇರಲಿಲ್ಲ. ಇದಕ್ಕೆಲ್ಲಾ ನನಗೆ ಬೇಜಾರಿಲ್ಲ. ಕಟ್ಟಲು ತಂದ ಗಾಡಿಯ ಇಂಜಿನ್ ಹಾಳಾಗಿರುವುದು ಸಹಜ. ದುಡ್ಡು, ಸಮಯ ಇದ್ದರೆ ಅದನ್ನು ಸರಿ ಮಾಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ ಬೇರಿಂಗ್, ಸೀಲ್, ಪಿಸ್ಟನ್ ತಂದೆವು. ಕ್ರ್ಯಾಂಕ್ ಅನ್ನು ಪ್ರೆಸ್ಸಿನಲ್ಲಿಟ್ಟು ನೇರ ಮಾಡುವುದನ್ನು ಮಗಳು ಅರ್ಧ ದಿನ ನಿಂತು ನೋಡಿದಳು. ಆ ದಿನಗಳು ನಿಜಕ್ಕೂ ಚೆನ್ನಾಗಿದ್ದವು.

ಏಪ್ರಿಲ್‌ನಲ್ಲಿ ಚಾಸಿಯನ್ನು ಪೌಡರ್ ಕೋಟಿಂಗ್‌ಗೆ ಕೊಡುವ ಮೊದಲು ಬಣ್ಣ ತೆಗೆಯಲು ಕೂತೆವು. ಪೇಂಟ್ ರಿಮೂವರ್ ಹಚ್ಚಿ, ಬಿಟ್ಟು, ಕೆರೆಯುವುದು. ಮಗಳು ಕುತ್ತಿಗೆಯ ಭಾಗ ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ "ಅಪ್ಪಾ, ಇಲ್ಲಿ ಬಣ್ಣದ ಕೆಳಗೆ ಇನ್ನೇನೋ ಬರ್ತಿದೆ" ಅಂದಳು. ಬೂದು ಬಣ್ಣದ ಪುಟ್ಟಿ. ಕೊಳವೆಯ ಮೇಲೆ ಪುಟ್ಟಿಗೆ ಏನು ಕೆಲಸ? ಟ್ಯಾಂಕಿನ ತಗ್ಗಿಗೆ ಹಾಕುತ್ತಾರೆ, ಸರಿ. ಚಾಸಿ ನಂಬರ್ ಸುತ್ತ ಯಾಕೆ? ಪುಟ್ಟಿ ಕೆರೆದಂತೆ ನಂಬರಿನ ಸುತ್ತ ಚೌಕಾಕಾರದ ಒಂದು ಗೆರೆ ಕಾಣಿಸಿತು. ಬೆಂಕಿಪೊಟ್ಟಣದ ಅಳತೆ ಇರಬಹುದು. ಅದು ವೆಲ್ಡಿಂಗ್ ಗೆರೆ. ಗ್ರೈಂಡರ್ ಹಿಡಿದು ಸಮ ಮಾಡಿದ್ದರು. ಬೇರೆ ಚಾಸಿಯಿಂದ ನಂಬರ್ ಇದ್ದ ತುಂಡನ್ನು ಕತ್ತರಿಸಿ ತಂದು ಇಲ್ಲಿ ಕೂರಿಸಿದ್ದರು. ಮಗಳು ಕೈಯಲ್ಲಿದ್ದ ಕೆರೆಯುವ ಬಿಲ್ಲೆ ಕೆಳಗಿಟ್ಟಳು. ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ.

ಮಾರನೇ ದಿನ ಆರ್‌ಟಿಒ ಕಚೇರಿಗೆ ಹೋಗಿ ಬಿ ಎಕ್ಸ್‌ಟ್ರ್ಯಾಕ್ಟ್‌ಗೆ ಅರ್ಜಿ ಹಾಕಿದೆ. ಗಾಡಿಯ ಮೂಲ ನೋಂದಣಿ ಪುಸ್ತಕದಲ್ಲಿರುವ ವಿವರದ ನಕಲು ಅದು. ಮಾಲೀಕರ ಹೆಸರು, ವಿಳಾಸ, ಚಾಸಿ ಮತ್ತು ಇಂಜಿನ್ ನಂಬರ್, ಸಾಲ ಇದ್ದರೆ ಅದು, ಎಲ್ಲಿಯವರೆಗೆ ನವೀಕರಣ ಆಗಿದೆ ಅನ್ನುವುದು, ಎಲ್ಲಾ ಅದರಲ್ಲಿ ಸಿಗುತ್ತದೆ. ನೋಂದಣಿ ಮೊದಲು 15 ವರ್ಷಕ್ಕೆ ಇರುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಮ್ಮ ಗಾಡಿಯದು 2009ಕ್ಕೇ ಮುಗಿದಿತ್ತು. ಅದರಲ್ಲಿದ್ದ ವಿಳಾಸ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಭಾನುವಾರ ಅಲ್ಲಿಗೆ ಹೋದೆವು.

ಮಾಲೀಕರ ಮಗ ಸಿಕ್ಕರು. ಅವರ ತಂದೆ ತೀರಿಕೊಂಡು 14 ವರ್ಷ ಆಗಿದೆಯಂತೆ. ಗಾಡಿ ಹಿತ್ತಲಲ್ಲಿ ತುಕ್ಕು ಹಿಡಿದು ಮುರಿದು ಬಿದ್ದಿತ್ತಂತೆ, ಗುಜರಿಗೆ 1,500 ರೂಪಾಯಿಗೆ ಕೊಟ್ಟರಂತೆ. ಬುಕ್ ಸಮೇತ. ನನ್ನ ಹತ್ತಿರವಿದ್ದ ಫಾರ್ಮ್‌ಗಳನ್ನು ತೋರಿಸಿದೆ. ಅವರು ಸಹಿಯನ್ನೇ ನೋಡುತ್ತಾ ನಿಂತರು. "ನಮ್ಮಪ್ಪ ಯಾವತ್ತೂ ಕನ್ನಡದಲ್ಲೇ ಸಹಿ ಹಾಕ್ತಿದ್ದರು" ಅಂದರು. ಫಾರ್ಮ್‌ನಲ್ಲಿ ಇದ್ದದ್ದು ಇಂಗ್ಲಿಷ್ ಸಹಿ. ಒಳಗೆ ಹೋಗಿ ಹಳೆಯ ಪಹಣಿ ಅರ್ಜಿಯೊಂದನ್ನು ತಂದು ತಂದೆಯ ಸಹಿ ತೋರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಸತ್ತವರ ಹೆಸರಲ್ಲಿ ಯಾರೋ ಸಹಿ ಹಾಕಿ ದುಡ್ಡು ಮಾಡಿದ್ದಾರೆ ಅಂದರೆ ಯಾವ ಮಗನಿಗೆ ನೋವಾಗುವುದಿಲ್ಲ?

ಮೋಟಾರು ವಾಹನ ನಿರೀಕ್ಷಕರು ಚಾಸಿ ನೋಡಿ ಒಂದು ವಿಷಯ ಹೇಳಿದರು. ನಂಬರನ್ನು ಉಜ್ಜಿ ಅಳಿಸಿದ್ದರೆ ರಾಸಾಯನಿಕ ಹಚ್ಚಿ ಹಳೆಯ ನಂಬರನ್ನು ಮತ್ತೆ ಕಾಣಿಸುವ ಸಾಧ್ಯತೆ ಇರುತ್ತದೆ. ಇಲ್ಲಿ ನಂಬರ್ ಇದ್ದ ಜಾಗವನ್ನೇ ಕತ್ತರಿಸಿ ತೆಗೆದಿದ್ದಾರೆ. ಹಾಗಾಗಿ ಈ ಚಾಸಿ ಯಾರದು ಅಂತ ಹೇಳಲು ಏನೂ ಉಳಿದಿಲ್ಲ. ಇದು ಯಾರದೋ ಮನೆ ಮುಂದಿನಿಂದ ಕದ್ದ ಗಾಡಿಯೂ ಆಗಿರಬಹುದು. ಆ ಮಾತು ನನ್ನನ್ನು ದುಡ್ಡಿಗಿಂತ ಜಾಸ್ತಿ ಕಾಡಿತು.

ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಅಪರಾಧ. ವೆಲ್ಡಿಂಗ್ ಗೆರೆ ನೋಡಿದ ಮೇಲೆ ಸುಮ್ನೆ ಬಣ್ಣ ಹೊಡೆದು ಓಡಿಸಿಕೊಂಡಿರಲು ನಮಗೆ ಮನಸ್ಸು ಬರಲಿಲ್ಲ. "ಯಾರಿಗೂ ಹೇಳಬೇಡಿ, ಬಿಡಿಭಾಗ ಬಿಚ್ಚಿ ಮಾರಿಬಿಡಿ" ಅಂದವರು ಇದ್ದರು. ನಾವು ಲಿಖಿತ ದೂರು ಕೊಟ್ಟು ಗಾಡಿಯನ್ನು ಇಂಜಿನ್ ಸಮೇತ ಒಪ್ಪಿಸಿದೆವು. ಮಾರಿದವನ ಫೋನ್ ಸ್ವಿಚ್ ಆಫ್. ಶೆಡ್ ಖಾಲಿ. ಅವನಿಗೆ ದುಡ್ಡು ಕೊಟ್ಟೆ ಅನ್ನಲು ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ಯುಪಿಐ ಮಾಡಿದ್ದರೆ ಒಂದು ಗುರುತಾದರೂ ಉಳಿಯುತ್ತಿತ್ತು.

ಇನ್ನು ನೀವು ಹೋಗುವಾಗ ಏನು ಮಾಡಬೇಕು ಅಂತ ಹೇಳುತ್ತೇನೆ. ಗಾಡಿ ನೋಡುವ ಮೊದಲು ನೋಂದಣಿ ನಂಬರ್ ಕೇಳಿ, ಆ ಗಾಡಿ ನೋಂದಣಿಯಾದ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಮಾರುವವನು ಅದಕ್ಕೆ ಕಾಯಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ. "ಇನ್ನೊಬ್ಬರು ಅಡ್ವಾನ್ಸ್ ಕೊಡ್ತಿದ್ದಾರೆ" ಅಂತಾರೆ. ಕೊಡಲಿ. ಆರ್‌ಸಿಯಲ್ಲಿ ಹೆಸರಿರುವ ಮನುಷ್ಯನನ್ನು ಕಣ್ಣಾರೆ ನೋಡಿ, ನಿಮ್ಮ ಎದುರಲ್ಲೇ ಸಹಿ ಹಾಕಿಸಿಕೊಳ್ಳಿ. ಅವರು ತೀರಿಕೊಂಡಿದ್ದರೆ ಫಾರ್ಮ್ 29, 30ರಿಂದ ಏನೂ ಆಗುವುದಿಲ್ಲ. ಮೊದಲು ವಾರಸುದಾರರು ಫಾರ್ಮ್ 31 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ನಿಮಗೆ ಮಾರಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಕಳವಾದ ವಾಹನಗಳ ಪಟ್ಟಿಯಲ್ಲಿ ಆ ಚಾಸಿ ನಂಬರ್ ಇದೆಯಾ ಅಂತ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಪೋರ್ಟಲ್‌ನಲ್ಲಿ ನೋಡಬಹುದು. ಆದರೆ ನಮ್ಮ ಗಾಡಿಯ ಹಾಗೆ ನಂಬರೇ ಬೇರೆ ಗಾಡಿಯದಾದರೆ ಅದರಿಂದ ಉಪಯೋಗವಿಲ್ಲ. ಅದಕ್ಕೇ ಕುತ್ತಿಗೆ ನೋಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು.

ಜೊತೆಗೆ ಒಂದು ಟಾರ್ಚ್, ಒಂದು ಚಿಕ್ಕ ಆಯಸ್ಕಾಂತ, ಸ್ವಲ್ಪ ಥಿನ್ನರ್ ಮತ್ತು ಬಟ್ಟೆ ಇಟ್ಟುಕೊಳ್ಳಿ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಉಬ್ಬು ತಗ್ಗು ಕಾಣುತ್ತದೆ. ಪುಟ್ಟಿ ದಪ್ಪಗಿರುವ ಕಡೆ ಆಯಸ್ಕಾಂತ ಸಡಿಲವಾಗುತ್ತದೆ. ಮಾರುವವನ ಒಪ್ಪಿಗೆ ಪಡೆದು ನಂಬರಿನ ಸುತ್ತ ನಾಲ್ಕು ಬೆರಳಷ್ಟು ಜಾಗದ ಬಣ್ಣ ತೆಗೆದು ನೋಡಿ. ಕಟ್ಟಲು ಮಾರುವ ಗಾಡಿಗೆ ಅಷ್ಟು ಬಣ್ಣ ಹೋದರೆ ಯಾರಿಗೂ ನಷ್ಟ ಇಲ್ಲ, ಅಲ್ವಾ? ಬೇಡ ಅಂದರೆ ವಾಪಸ್ ಬನ್ನಿ. ಇಂಜಿನ್ ಸದ್ದು ಕೇಳುವುದು ಇದೆಲ್ಲಾ ಆದ ಮೇಲೆ.

ದಸರಾ ರಜೆಯಲ್ಲಿ ನಾವು ಇನ್ನೊಂದು ರೋಡ್‌ಕಿಂಗ್ ನೋಡಲು ಹೋಗಿದ್ದೆವು. ಬಿ ಎಕ್ಸ್‌ಟ್ರ್ಯಾಕ್ಟ್ ಅಂದ ಕೂಡಲೇ ಅವರು ಗೇಟ್ ಹಾಕಿಕೊಂಡರು. ಕಳೆದ ವಾರ ಒಬ್ಬ ನಿವೃತ್ತ ಮೇಷ್ಟ್ರ ಗಾಡಿ ನೋಡಿದೆವು. ಇಂಜಿನ್ ಜಾಮ್ ಆಗಿದೆ, ಕಿಕ್ಕರ್ ಅಲ್ಲಾಡುವುದಿಲ್ಲ. ಆದರೆ ಆರ್‌ಸಿ ಅವರ ಹೆಸರಲ್ಲೇ ಇದೆ. ಮಗಳು ಥಿನ್ನರ್ ಬಾಟಲಿ ತೆಗೆದಾಗ ಮೇಷ್ಟ್ರು ತಾವೇ ಒಳಗೆ ಹೋಗಿ ಒಂದು ಹಳೆ ಪಂಚೆ ಹರಿದು ತಂದು ಕೊಟ್ಟರು.