ಏಳಿಂಚಿನ ಜಿಪಿಎಸ್ ಡಬ್ಬಿ ಮತ್ತು ಒಂದು ಹಳೇ ಫೋನು: ನಾಲ್ಕು ವರ್ಷ ಓಡಿಸಿದ ಮೇಲೆ

ಶಿವಗಂಗೆ ಬೆಟ್ಟ ಎಡಗಡೆ ಕಂಡ ತಕ್ಷಣ ಹಿಂದಿನ ಸೀಟಿನಿಂದ ಅಮ್ಮ ಹೇಳಿದರು, "ಇದು ಹಾಸನದ ದಾರಿ ಅಲ್ಲ ಕಣೋ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ಯಾಶ್‌ಬೋರ್ಡ್ ಮೇಲೆ ದಾರಿ ತೋರಿಸುವ ಹೊಸಾ ಜಿಪಿಎಸ್ ಡಬ್ಬಿ ಕೂತಿತ್ತಲ್ಲ, ಅಮ್ಮನ ಮಾತು ಯಾಕೆ ಕೇಳಲಿ? ದಾಬಸ್‌ಪೇಟೆಯಲ್ಲಿ ಗಾಡಿ ನಿಲ್ಲಿಸಿ ಟೀ ಅಂಗಡಿಯವನನ್ನು ಕೇಳಿದೆ. "ಸಾರ್, ನೀವು ತುಮಕೂರಿಗೆ ಹೋಗ್ತಾ ಇದೀರ" ಅಂದ.

ಇದು 2021ರ ದಸರಾ ರಜೆಯ ಮಾತು. ಬೆಂಗಳೂರಿನಿಂದ ಹಾಸನದ ಮೇಲೆ, ಮಂಗಳೂರು ರಸ್ತೆಯಲ್ಲಿ ಉಪ್ಪಿನಂಗಡಿಗೆ ಹೊರಟಿದ್ದೆವು, ಅದು ಅಮ್ಮನ ತವರು. ಡಬ್ಬಿಗೆ ನಾನು ಕೊಟ್ಟಿದ್ದು 4,800 ರೂಪಾಯಿ. ಹೆಸರಿಲ್ಲದ ಕಂಪನಿ, ಏಳಿಂಚಿನ ಪರದೆ, 256 ಎಂಬಿ ರ್‍ಯಾಮ್, 8 ಜಿಬಿ ಜಾಗ. ಪೆಟ್ಟಿಗೆಯ ಮೇಲೆ "ಭಾರತದ ನಕ್ಷೆ ಉಚಿತ" ಎಂದು ಬರೆದಿತ್ತು. ಆ ನಕ್ಷೆ ಯಾವ ಕಾಲದ್ದು ಎಂದು ಮಾತ್ರ ಬರೆದಿರಲಿಲ್ಲ.

ನೆಲಮಂಗಲದಲ್ಲಿ ಆದದ್ದು ಇಷ್ಟು. ಡಬ್ಬಿಯ ಪರದೆಯಲ್ಲಿ "ಎನ್‌ಎಚ್ 48 ಹಿಡಿಯಿರಿ" ಎಂದು ಬಂತು. ಎದುರಿನ ಹಸಿರು ಬೋರ್ಡಿನಲ್ಲೂ 48 ಕಾಣಿಸಿತು. ಸರಿ, ಅದನ್ನೇ ಹಿಡಿದೆ. ಆದರೆ ಹೆದ್ದಾರಿಗಳ ನಂಬರ್ 2010ರಲ್ಲೇ ಬದಲಾಗಿದೆ. ಹಿಂದೆ ಮಂಗಳೂರು ರಸ್ತೆ ಎನ್‌ಎಚ್ 48 ಆಗಿತ್ತು, ತುಮಕೂರು–ಪುಣೆ ರಸ್ತೆ ಎನ್‌ಎಚ್ 4. ಈಗ ಮಂಗಳೂರು ರಸ್ತೆಗೆ 75. ಅದರ ಹಳೇ ನಂಬರ್ 48 ತುಮಕೂರು ರಸ್ತೆಗೆ ಹೋಗಿದೆ. ಡಬ್ಬಿ ಹಳೇ ಲೆಕ್ಕ ಹೇಳಿತು, ಬೋರ್ಡು ಹೊಸ ಲೆಕ್ಕ ಹೇಳಿತು, ಎರಡೂ ಸರಿಯಾಗಿ ಹೊಂದಿಕೊಂಡು ನನ್ನನ್ನು ತಪ್ಪು ದಾರಿಗೆ ಹಾಕಿದವು.

ಡಬ್ಬಿ ಎಚ್ಚರಿಸಲಿಲ್ಲವೇ ಎಂದು ಕೇಳಬಹುದು. ಎಚ್ಚರಿಸಿತ್ತು. ಆದರೆ ಗೊರಗುಂಟೆಪಾಳ್ಯದ ಮೇಲ್ಸೇತುವೆ ಹತ್ತಿದಾಗಿನಿಂದ ಅದು, ನಾವು ಮೇಲಿದ್ದೇವೋ ಕೆಳಗಿನ ರಸ್ತೆಯಲ್ಲೋ ತಿಳಿಯದೆ, "ಯೂ-ಟರ್ನ್, ಯೂ-ಟರ್ನ್" ಎಂದು ಒಂದೇ ಸಮನೆ ಅರಚುತ್ತಿತ್ತು. ತಲೆನೋವು ತಡೆಯಲಾರದೆ ನಾನೇ ಬಾಯಿ ಮುಚ್ಚಿಸಿದ್ದೆ.

ಮನೆಗೆ ಬಂದ ಮೇಲೆ ಆ ನಕ್ಷೆಯನ್ನು ಪೂರ್ತಿ ಜಾಲಾಡಿದೆ. ಶಿವಮೊಗ್ಗ ಎಂದು ಹುಡುಕಿದರೆ ಸಿಗುವುದಿಲ್ಲ, ಶಿಮೊಗಾ ಎಂದರೆ ಸಿಗುತ್ತದೆ. ವಿಜಯಪುರ ಇನ್ನೂ ಬಿಜಾಪುರ, ಕಲಬುರಗಿ ಇನ್ನೂ ಗುಲ್ಬರ್ಗ. ನಮ್ಮ ಊರುಗಳ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. ಅಂದರೆ ನಾನು ಹೊಸದಾಗಿ ಕೊಂಡ ಡಬ್ಬಿಯ ಒಳಗೆ ಕಡಿಮೆ ಎಂದರೂ ಹತ್ತಿರ ಹತ್ತಿರ ಏಳು ವರ್ಷ ಹಳೆಯ ಕರ್ನಾಟಕ ಇತ್ತು. ಅಪ್‌ಡೇಟ್ ಮಾಡುವ ದಾರಿ ಇದೆಯಾ ಎಂದು ಮಾರಿದವರಿಗೆ ಬರೆದೆ. "ಮೆಮೊರಿ ಕಾರ್ಡ್ ಕಳಿಸುತ್ತೇವೆ, 1,500 ಆಗುತ್ತದೆ" ಎಂಬ ಉತ್ತರ ಬಂತು. ಅದರಲ್ಲಿ ಯಾವ ವರ್ಷದ ನಕ್ಷೆ ಇರುತ್ತದೆ ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ.

ಇಂಥ ಡಬ್ಬಿಯಲ್ಲಿ ದುಡ್ಡು ಕೊಡಬೇಕಾದದ್ದು ನಕ್ಷೆಗೆ, ಪರದೆಗಲ್ಲ. ಪರದೆ, ಸ್ಪೀಕರ್, ಸ್ಟ್ಯಾಂಡ್ ಎಲ್ಲಾ ಅಗ್ಗಕ್ಕೆ ಸಿಗುತ್ತವೆ. ವರ್ಷ ವರ್ಷ ರಸ್ತೆಗಳನ್ನು ತಿದ್ದುತ್ತಾ ಕೂರುವ ಕೆಲಸ ಅಗ್ಗಕ್ಕೆ ಆಗುವುದಿಲ್ಲ. ಗಾರ್ಮಿನ್‌ನಂಥ ಹೆಸರುವಾಸಿ ಡಬ್ಬಿಗಳಿಗೆ ಜನ ಅಷ್ಟು ದುಡ್ಡು ಕೊಡುವುದೂ ಇದಕ್ಕೇ. ನನ್ನ ಬಜೆಟ್‌ಗೆ ಅವು ಬರಲಿಲ್ಲ, ಹಾಗಾಗಿ ಅವುಗಳ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಆದರೂ ಒಂದು ವರ್ಷದ ಮೇಲೆ ಆ ಡಬ್ಬಿಯನ್ನೇ ಓಡಿಸಿದೆ. ದುಡ್ಡು ಕೊಟ್ಟಿದ್ದೀನಲ್ಲ! ಬಿಸಿಲಿಗೆ ಸಕ್ಷನ್ ಕಪ್ ಸಡಿಲವಾಗಿ ಎರಡು ಸಲ ಗೇರ್ ಮೇಲೆ ಬಿತ್ತು. "ಹತ್ತಿರದ ದಾರಿ" ಎಂಬ ಆಯ್ಕೆ ಹಾಕಿದ್ದಕ್ಕೆ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದೊಳಗೆ ನುಗ್ಗಿಸಿತು. ಕೊನೆಗೆ ಸಿಕ್ಕಿದ್ದು ಬೀಗ ಹಾಕಿದ ಗೇಟು, ಒಳಗೆ ಎರಡು ನಾಯಿ. ಅರ್ಧ ಕಿಲೋಮೀಟರ್ ರಿವರ್ಸ್‌ನಲ್ಲಿ ಬಂದೆ. ನೀವು ಯಾವ ಸಾಧನ ಕೊಂಡರೂ ಮೊದಲು ಈ "ಹತ್ತಿರದ ದಾರಿ"ಯನ್ನು ತೆಗೆದು "ಬೇಗ ತಲುಪುವ ದಾರಿ" ಎಂದು ಇಡಿ. ಮಲೆನಾಡಿನಲ್ಲಿ ಈ ಎರಡರ ನಡುವೆ ಅಜಗಜಾಂತರ.

ಕೊನೆಗೆ 2022ರ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಡಬ್ಬಿ ಆನ್ ಮಾಡಿದರೆ ತಾರೀಖು 2003ರ ಮೇ ತಿಂಗಳು! ಗಂಟೆ ಸರಿ ಇದೆ, ವರ್ಷ ಹತ್ತೊಂಬತ್ತು ಹಿಂದೆ. ಇದಕ್ಕೆ ಕಾರಣ ಓದಿದಾಗ ಖುಷಿಯೇ ಆಯಿತು. ಜಿಪಿಎಸ್ ಉಪಗ್ರಹಗಳು ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತವೆ. 1024 ವಾರ ಎಂದರೆ ಸುಮಾರು 19 ವರ್ಷ ಏಳು ತಿಂಗಳು. ಹೀಗೆ ಸೊನ್ನೆಗೆ ಬಂದದ್ದು 1999ರಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ಇದು ಎಷ್ಟನೇ ಸುತ್ತು ಎಂದು ಲೆಕ್ಕ ಇಡುವುದು ಡಬ್ಬಿಯ ಸಾಫ್ಟ್‌ವೇರ್ ಕೆಲಸ. ಅಪ್‌ಡೇಟ್ ಕಾಣದ ಡಬ್ಬಿಗಳು ಒಂದಲ್ಲ ಒಂದು ದಿನ ಲೆಕ್ಕ ತಪ್ಪಿ ಒಂದು ಸುತ್ತು ಹಿಂದಕ್ಕೆ ಜಾರುತ್ತವೆ. ಅವತ್ತಿನಿಂದ ಅದನ್ನು ಕಾರಿನಿಂದ ಇಳಿಸಿದೆ.

ಅದರ ಜಾಗಕ್ಕೆ ಬಂದಿದ್ದು ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಫೋನು. ಪರದೆಯ ಮೂಲೆಯಲ್ಲಿ ಬಿರುಕು, ಸಿಮ್ ಇಲ್ಲ. ಹೊಸದಾಗಿ ಕೊಂಡದ್ದು ಸ್ಟ್ಯಾಂಡ್ 450, ಒಳ್ಳೆಯ ಕಾರ್ ಚಾರ್ಜರ್ 600. ಒಟ್ಟು 1,050 ರೂಪಾಯಿ. ಕೈಯಲ್ಲಿರುವ ಫೋನನ್ನೇ ಬಳಸಬಹುದಿತ್ತಲ್ಲ ಅಂತೀರಾ? ಒಂದೆರಡು ಸಲ ಬಳಸಿದೆ. ಸರಿಯಾಗಿ ತಿರುವು ಬರುವಾಗಲೇ ಯಾರದೋ ಕರೆ ಬರುತ್ತದೆ, ಘಾಟಿಯಲ್ಲಿ ಬ್ಯಾಟರಿ ಬಿಸಿಯಾಗುತ್ತದೆ, ಊಟಕ್ಕೆ ಇಳಿದಾಗ ಕಿತ್ತುಕೊಂಡು ಹೋಗಬೇಕು. ನಕ್ಷೆಗೇ ಒಂದು ಫೋನು ಮೀಸಲಿದ್ದರೆ ಈ ರಗಳೆ ಇಲ್ಲ.

ಸಿಮ್ ಇಲ್ಲದೆ ಜಿಪಿಎಸ್ ಹೇಗೆ ಎಂದು ತುಂಬಾ ಜನ ಕೇಳಿದ್ದಾರೆ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹಗಳ ಸಿಗ್ನಲ್ ಕೇಳಿಸಿಕೊಂಡರೆ ಸಾಕು. ಇಂಟರ್ನೆಟ್ ಬೇಕಾಗುವುದು ನಕ್ಷೆ ಇಳಿಸಲು, ಟ್ರಾಫಿಕ್ ತಿಳಿಯಲು, ಮತ್ತೆ ಮೊದಲ ಸಲ ಉಪಗ್ರಹಗಳನ್ನು ಬೇಗ ಹುಡುಕಲು. ನೆಟ್ ಇಲ್ಲದಿದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಮಾಹಿತಿಯನ್ನು ಫೋನು ಉಪಗ್ರಹದಿಂದಲೇ ಕೇಳಬೇಕು. ಅದು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಬರುತ್ತದೆ, ಪೂರ್ತಿ ಪಟ್ಟಿ ಬರಲು ಹನ್ನೆರಡೂವರೆ ನಿಮಿಷ. ಹಾಗಾಗಿ ನಾನು ಲಗೇಜ್ ತುಂಬುವ ಮೊದಲು ಫೋನನ್ನು ಕಾರಿನ ಬಾನೆಟ್ ಮೇಲೆ, ಬಯಲಿಗೆ ಇಟ್ಟಿರುತ್ತೇನೆ. ಹೊರಡುವ ಹೊತ್ತಿಗೆ ರೆಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆನ್ ಮಾಡಿ ಕಾದರೆ ಏನೂ ಆಗುವುದಿಲ್ಲ.

ಫೋನಿನಲ್ಲಿ ಎರಡು ಆ್ಯಪ್ ಇಟ್ಟಿದ್ದೇನೆ. ಮನೆಯ ವೈಫೈನಲ್ಲಿ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುತ್ತೇನೆ. ಜೊತೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್. ಇದರಲ್ಲಿ ಕರ್ನಾಟಕ, ಕೇರಳ, ಗೋವಾ ಮೂರೂ ನನ್ನ ಫೋನಿನಲ್ಲಿ ಒಂದು ಜಿಬಿಯೊಳಗೇ ಕೂತಿವೆ. ಜಾಹೀರಾತಿಲ್ಲ, ದುಡ್ಡಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಉಪ್ಪಿನಂಗಡಿ ಕಡೆ ನಮ್ಮ ಮಾವನ ಮನೆಗೆ ಹೋಗುವ ಮಣ್ಣುದಾರಿ ಅದರಲ್ಲಿ ಇರಲಿಲ್ಲ, ನಾನೇ ಸೇರಿಸಿದೆ. ಕೆಲವು ವಾರ ಬಿಟ್ಟು ನಕ್ಷೆ ಅಪ್‌ಡೇಟ್ ಮಾಡಿದರೆ ಅದೇ ದಾರಿ ನನಗೇ ದಾರಿ ತೋರಿಸಿತು. ಆ ಸಂತೋಷ 4,800ರ ಡಬ್ಬಿ ಯಾವತ್ತೂ ಕೊಡಲಿಲ್ಲ. ಆದರೆ ಹೋಮ್‌ಸ್ಟೇ, ಹೋಟೆಲ್ ಹೆಸರು ಹುಡುಕಲು ಹೋದರೆ ಈ ಆ್ಯಪ್ ಕೈಕೊಡುತ್ತದೆ. ಅಂಗಡಿ ಮುಂಗಟ್ಟುಗಳ ವಿಷಯದಲ್ಲಿ ಗೂಗಲ್‌ಗೆ ಸಾಟಿ ಇಲ್ಲ. ಮ್ಯಾಪ್‌ಮೈಇಂಡಿಯಾ ಕಂಪನಿಯ ಮ್ಯಾಪಲ್ಸ್ ಆ್ಯಪ್ ಕೂಡ ಕೆಲವು ದಿನ ನೋಡಿದೆ. ರೋಡ್ ಹಂಪ್ ಬಗ್ಗೆ ಮುಂಚೆಯೇ ಹೇಳುವುದು ನಿಜಕ್ಕೂ ಉಪಯೋಗ.

ಇನ್ನು ಧ್ವನಿ. ಫೋನಿನ ಭಾಷೆ ಕನ್ನಡಕ್ಕೆ ಬದಲಿಸಿದೆ. "300 ಮೀಟರ್‌ಗಳಲ್ಲಿ ಎಡಕ್ಕೆ ತಿರುಗಿ" ಎಂದು ಹೆಣ್ಣುದನಿ ಹೇಳಿದರೆ ಅಮ್ಮ ಹಿಂದಿನಿಂದ "ಆಯ್ತಮ್ಮ" ಅನ್ನುತ್ತಾರೆ. ಊರ ಹೆಸರುಗಳನ್ನು ಅದು ತಿರುಚುವುದೂ ಒಂದು ಮನರಂಜನೆ.

ಈಗ ತೊಂದರೆಗಳು. ದೊಡ್ಡದು ಬಿಸಿಲು. ಏಪ್ರಿಲ್‌ನಲ್ಲಿ ಹಂಪಿಗೆ ಹೋಗುವಾಗ ಗಾಜಿನ ಹಿಂದೆ ಇಟ್ಟಿದ್ದ ಫೋನು ಮೊದಲು ಮಂಕಾಯಿತು, ಆಮೇಲೆ ಹಿರಿಯೂರಿನ ಹತ್ತಿರ ಆಫ್ ಆಯಿತು. ಎಸಿ ಗಾಳಿ ಬರುವ ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ತಂದೆ, ಫೋನು ತಣ್ಣಗಾಯಿತು. ಆದರೆ ನನ್ನ 2013ರ ವ್ಯಾಗನಾರ್‌ನ ಕಿಂಡಿಯ ಪಟ್ಟಿಯೊಂದು ಭಾರಕ್ಕೆ ಮುರಿಯಿತು. ಈಗ ಡ್ಯಾಶ್‌ಬೋರ್ಡ್‌ಗೆ ಅಂಟಿಸುವ ಸ್ಟ್ಯಾಂಡನ್ನು ಎಸಿ ಗಾಳಿ ತಾಗುವ ಹಾಗೆ, ನೋಟಕ್ಕೆ ಅಡ್ಡ ಬರದ ಹಾಗೆ ಕೆಳಗೆ ಅಂಟಿಸಿದ್ದೇನೆ. ಮೂರನೇ ವರ್ಷ ಬ್ಯಾಟರಿ ಊದಿಕೊಂಡು ಹಿಂಬದಿಯ ಕವಚ ಎದ್ದಿತ್ತು. ತಪ್ಪು ನನ್ನದೇ, ಬೇಸಿಗೆಯಿಡೀ ಅದನ್ನು ಕಾರಿನಲ್ಲೇ ಬಿಟ್ಟಿದ್ದೆ. ಹೊಸ ಬ್ಯಾಟರಿಗೆ 900. ಈಗ ಗಾಡಿ ನಿಲ್ಲಿಸಿದರೆ ಫೋನು ನನ್ನ ಜೊತೆ ಮನೆಯೊಳಗೆ. ನಿಮ್ಮ ಹಳೇ ಫೋನಿನ ಹಿಂಬದಿ ಒಂಚೂರು ಉಬ್ಬಿದ್ದರೂ ಕಾರಿಗೆ ತರಬೇಡಿ, ಮೊದಲು ಬ್ಯಾಟರಿ ಬದಲಿಸಿ.

ಎರಡನೆಯದು, ಆಫ್‌ಲೈನ್ ನಕ್ಷೆಗೆ ಇವತ್ತಿನ ಸುದ್ದಿ ಗೊತ್ತಿಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆದಾಗಲೂ ನನ್ನ ಫೋನು ನೆಟ್ಟಗೆ ಶಿರಾಡಿಗೇ ಕರೆದೊಯ್ಯುತ್ತಿತ್ತು. ಹಾಸನದಲ್ಲಿ ತಿಂಡಿಗೆ ಇಳಿದಾಗ ಪಕ್ಕದ ಟೇಬಲ್‌ನ ಬಸ್ ಡ್ರೈವರ್ ಹೇಳಿದ್ದರಿಂದ ಬಚಾವ್. ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಹೋದೆವು. ಈಗ ಹಾಸನ ಬಂದರೆ ಎರಡು ನಿಮಿಷ ಹೆಂಡತಿಯ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ಮುಂದಿನ ದಾರಿ ನೋಡಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಅದರ ಮೇಲೆ ಪೆಟ್ರೋಲ್ ಬಂಕಿನಲ್ಲೂ ಒಂದು ಮಾತು ಕೇಳುತ್ತೇನೆ.

ಬಂಡೀಪುರದ ವಿಷಯವೂ ಹೀಗೇ. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಖಾಸಗಿ ಗಾಡಿ ಬಿಡುವುದಿಲ್ಲ. ನನ್ನ ಆಫ್‌ಲೈನ್ ನಕ್ಷೆ ರಾತ್ರಿ ಎಂಟೂಮುಕ್ಕಾಲಿಗೂ ಹಾಯಾಗಿ ಅದೇ ದಾರಿ ಹಾಕಿಕೊಟ್ಟಿತು. ಗೇಟ್ ಮುಚ್ಚುವ ಹೊತ್ತು ನೆನಪಿಡುವುದು ನಮ್ಮ ಕೆಲಸ.

ಮೂರನೆಯದು, ಮೇಲೆ ಕೆಳಗೆ ಎಂಬ ಗೊಂದಲ ಫೋನಿಗೂ ಇದೆ. ಮೈಸೂರು ಹೆದ್ದಾರಿಯಲ್ಲಿ ನಾವು ಮುಖ್ಯ ರಸ್ತೆಯಲ್ಲಿ ಇದ್ದೇವೋ ಪಕ್ಕದ ಸರ್ವಿಸ್ ರಸ್ತೆಯಲ್ಲೋ ಅದಕ್ಕೆ ಎಷ್ಟೋ ಸಲ ತಿಳಿಯುವುದಿಲ್ಲ. ರಾಮನಗರ, ಮದ್ದೂರು ಕಡೆ ಇಳಿಯಬೇಕಾದರೆ ಬೋರ್ಡ್ ಓದಿ. ಆ ರಸ್ತೆಯಲ್ಲಿ ಫೋನಿನಿಂದ ಒಂದು ಲಾಭವೂ ಇದೆ. ನನ್ನ ಕಾರಿನ ಮುಳ್ಳು 100 ಅಂದಾಗ ಜಿಪಿಎಸ್ 94–95 ತೋರಿಸುತ್ತದೆ. ಕಾರಿನ ಮೀಟರ್ ಸ್ವಲ್ಪ ಜಾಸ್ತಿ ತೋರಿಸುವುದು ಮಾಮೂಲಿ, ನೇರ ರಸ್ತೆಯಲ್ಲಿ ಜಿಪಿಎಸ್ ವೇಗವೇ ನಿಜಕ್ಕೆ ಹತ್ತಿರ.

ಪೊಲೀಸರು ಹಿಡಿಯುತ್ತಾರಾ? ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿಯಲ್ಲಿ, ಗಮನ ಕೆಡದ ಹಾಗೆ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು ಎಂದಿದೆ. ಸ್ಟ್ಯಾಂಡಿನಲ್ಲಿ ಇದ್ದರೆ ನನಗೆ ಇದುವರೆಗೆ ಯಾರೂ ಏನೂ ಅಂದಿಲ್ಲ. ವಿಳಾಸ ಹಾಕುವ ಕೆಲಸ ಮಾತ್ರ ಗಾಡಿ ನಿಲ್ಲಿಸಿಯೇ ಮಾಡುತ್ತೇನೆ, ಇಲ್ಲವೇ ಪಕ್ಕದ ಸೀಟಿಗೆ ಬಿಡುತ್ತೇನೆ.

ಕಾರಿನ ಸ್ಟೀರಿಯೊ ತೆಗೆದು ಒಂಬತ್ತು ಇಂಚಿನ ಆಂಡ್ರಾಯ್ಡ್ ಪರದೆ ಹಾಕಿಸುವ ಆಸೆ ನನಗೂ ಬಂದಿತ್ತು. ಗೆಳೆಯನ ಕಾರಿನಲ್ಲಿ ನೋಡಿದೆ. ಪೆಟ್ಟಿಗೆಯ ಮೇಲೆ ಬರೆದಷ್ಟು ರ್‍ಯಾಮ್ ಒಳಗೆ ಇದ್ದಹಾಗಿಲ್ಲ, ನಕ್ಷೆ ಸರಿಯುವಷ್ಟರಲ್ಲಿ ತಿರುವು ದಾಟಿರುತ್ತದೆ. ಆಸೆ ಬಿಟ್ಟೆ. ಫೋನಿನ ನಕ್ಷೆಯನ್ನು ಕಾರಿನ ಪರದೆಯಲ್ಲೇ ತೋರಿಸುವ ಆಂಡ್ರಾಯ್ಡ್ ಆಟೊ ಇರುವ ಕಾರು ನಿಮ್ಮದಾದರೆ ಈ ಕಥೆಯೇ ನಿಮಗೆ ಬೇಕಿಲ್ಲ.

ನನ್ನ ಒಟ್ಟು ಖರ್ಚು: ಫೋನಿನ ದಾರಿಯಲ್ಲಿ ಸ್ಟ್ಯಾಂಡುಗಳು, ಚಾರ್ಜರ್, ಬ್ಯಾಟರಿ ಎಲ್ಲಾ ಸೇರಿ ಸುಮಾರು 2,700. ಡಬ್ಬಿಗೆ ಅದರ ಹತ್ತಿರ ಹತ್ತಿರ ಎರಡರಷ್ಟು. ಅಂಕ ಕೊಡುವುದಾದರೆ ಡಬ್ಬಿಗೆ ಐದಕ್ಕೆ ಒಂದು, ಫೋನಿಗೆ ನಾಲ್ಕು. ಕಳೆದ ಒಂದು ಅಂಕ ಹಿರಿಯೂರಿನ ಬಿಸಿಲಿಗೆ.

ಡಬ್ಬಿಯನ್ನು ಮಾರಲು ಹಾಕಿದ್ದೆ, ಯಾರೂ ಕೇಳಲಿಲ್ಲ. ಈಗ ಅದು ಮಗನ ಟಿಕೆಟ್ ಮೆಷಿನ್. ಸೋಫಾ ಮೇಲೆ ಕೂತವರ ಹತ್ತಿರ ಬಂದು, 2003ನೇ ಇಸವಿಯಲ್ಲಿ ಇನ್ನೂ ನಡೆಯುತ್ತಿರುವ ಆ ಪರದೆಯನ್ನು ಕುಟ್ಟಿ, "ಉಪ್ಪಿನಂಗಡಿ ಒಂದು ಫುಲ್, ಚಿಲ್ಲರೆ ಕೊಡಿ ಅಜ್ಜಿ" ಅನ್ನುತ್ತಾನೆ.